ಕರೆಂಟು ಕುಗ್ಗಿದರೂ ಎಣಿಕೆ ಕೆಡಬಾರದು



1951–52ರ ಮೊದಲ ಮಹಾಚುನಾವಣೆಗೆ ಬೇಕಾದ ಉಕ್ಕಿನ ಮತಪೆಟ್ಟಿಗೆಗಳಲ್ಲಿ 12 ಲಕ್ಷಕ್ಕೂ ಮೇಲ್ಪಟ್ಟವು ನಮ್ಮ ವಿಕ್ರೋಳಿಯ ಗೋದ್ರೆಜ್ ಕಾರ್ಖಾನೆಯಲ್ಲಿ ತಯಾರಾದವು. ಆ ಪೆಟ್ಟಿಗೆಗೆ ಭದ್ರವಾದ ಮುಚ್ಚಳ ಬೇಕಿತ್ತು, ಕರೆಂಟು ಬೇಕಿರಲಿಲ್ಲ. ಈಗ ಅದರ ಸ್ಥಾನದಲ್ಲಿ ನಿಂತಿರುವ ಮತಯಂತ್ರವನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ಸಂಸ್ಥೆಗಳು ತಯಾರಿಸುತ್ತವೆ. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲು ಬಳಕೆಯಾದ ಈ ಯಂತ್ರ, 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ಎಲ್ಲ ಕ್ಷೇತ್ರಗಳಿಗೂ ಬಂದಿತು. ಅದರೊಳಗೆ ಲೆಕ್ಕ ಇಡುವುದು ಮೈಕ್ರೊಕಂಟ್ರೋಲರ್ ಎಂಬ ಸಣ್ಣ ಚಿಪ್.

“ಕರೆಂಟು ಹೋದರೆ ಹಾಕಿದ ಮತದ ಗತಿಯೇನು?” ಎಂದು ಹಲವರು ನಮ್ಮನ್ನು ಕೇಳಿದ್ದುಂಟು. ಆ ಯಂತ್ರಕ್ಕೆ ಗೋಡೆಯ ಕರೆಂಟು ಬೇಡ. ಅದು ತನ್ನದೇ ಬ್ಯಾಟರಿಯಿಂದ ನಡೆಯುತ್ತದೆ. ಬ್ಯಾಟರಿ ತೆಗೆದರೂ ಮತಗಳ ಲೆಕ್ಕ ನೆನಪಿನಲ್ಲಿ ಉಳಿಯುತ್ತದೆ. ಇಂತಹ ಭದ್ರತೆ ತಾನಾಗಿ ಬರುವುದಿಲ್ಲ. ಅದನ್ನು ನಾವು ನಮ್ಮ ಬಾಗಿಲಲ್ಲೇ ಕಲಿತೆವು.

ನಮ್ಮ ವಾಚನಾಲಯಕ್ಕೆ ಬರುವವರನ್ನು ಎಣಿಸಲು ತರುಣ ಮಿತ್ರರೊಬ್ಬರು ಒಂದು ಉಪಕರಣ ಮಾಡಿಕೊಟ್ಟರು. ರಾತ್ರಿ ಬರುವವರು ಕಡಿಮೆಯೆಂದು ಕಂಡರೆ ಆ ವೇಳೆಯನ್ನು ಮುಚ್ಚುವ ಮಾತು ನಡೆದಿತ್ತು. ಆದ್ದರಿಂದ ಎಣಿಕೆ ಸರಿಯಾಗಿರಲೇಬೇಕಿತ್ತು. ಆದರೆ ಕಟ್ಟಡದ ನೀರಿನ ಪಂಪು ಶುರುವಾದಾಗಲೆಲ್ಲ ದೀಪ ಮಂಕಾಗಿ, 40 ಇದ್ದ ಎಣಿಕೆ ಸೊನ್ನೆಯಾಗುತ್ತಿತ್ತು. ಒಮ್ಮೆ ನಾಲ್ಕು ಸಾವಿರವನ್ನೂ ದಾಟಿತು! ನಾವು ಮಿತ್ರರ ಜಾಣ್ಮೆಯನ್ನೇ ಶಂಕಿಸಿದೆವು. ಕುಂದು ಇದ್ದದ್ದು ಕರೆಂಟಿನ ವ್ಯವಸ್ಥೆಯಲ್ಲಿ.

1. ಒತ್ತಡ ಸಮನಾಗಿರಬೇಕು

ಆ ಉಪಕರಣದಲ್ಲಿದ್ದ ಎಟಿಮೆಗಾ 328ಪಿ ಚಿಪ್ 1.8ರಿಂದ 5.5 ವೋಲ್ಟಿನವರೆಗೆ ಕೆಲಸ ಮಾಡಬಲ್ಲದು. ಪೂರ್ಣ ವೇಗಕ್ಕೆ 4.5 ವೋಲ್ಟಾದರೂ ಬೇಕು. ಅಡಾಪ್ಟರಿನ 9 ವೋಲ್ಟನ್ನು 7805 ಎಂಬ ರೆಗ್ಯುಲೇಟರ್ 5 ವೋಲ್ಟಿಗೆ ಇಳಿಸುತ್ತದೆ. ಆದರೆ ಅದಕ್ಕೆ ಸುಮಾರು 7 ವೋಲ್ಟು ಒಳಗೆ ಬಂದರೆ ಮಾತ್ರ 5 ವೋಲ್ಟು ಹೊರಗೆ ಬರುತ್ತದೆ. ಅದು ತೆಗೆದುಕೊಳ್ಳುವ ದಲ್ಲಾಳಿಯೂ ಸಣ್ಣದಲ್ಲ: 9ರಲ್ಲಿ 4 ಪಾಲು ಬಿಸಿಯಾಗಿ ಹೋಗುತ್ತದೆ. ಕ್ಷಣಮಾತ್ರದ ಏರಿಳಿತವನ್ನು ತಡೆಯಲು ಚಿಪ್ಪಿನ ಪಕ್ಕದಲ್ಲೇ 0.1 ಮೈಕ್ರೊಫ್ಯಾರಡ್‌ನ ಕೆಪ್ಯಾಸಿಟರ್ ಹಾಕುವುದು ವಾಡಿಕೆ. ನಲ್ಲಿ ನಿಂತಾಗ ಕೊಡದ ನೀರು ಒದಗುವಂತೆ ಅದು ಒದಗುತ್ತದೆ.

2. ಕುಗ್ಗಿದಾಗ ಕೈ ಕಟ್ಟಬೇಕು

ಕರೆಂಟು ಪೂರ್ತಿ ಹೋದರೆ ಚಿಪ್ ಸುಮ್ಮನಾಗುತ್ತದೆ. ಅರೆಬರೆ ಇದ್ದಾಗಲೇ ಅಪಾಯ: ಕಣ್ಣು ಮಂಜಾದ ಗುಮಾಸ್ತನಂತೆ ಅದು ತಪ್ಪು ಅಂಕಿ ಬರೆಯಬಹುದು. ಇದಕ್ಕಾಗಿ ಚಿಪ್ಪಿನಲ್ಲೇ ‘ಬ್ರೌನ್‌ಔಟ್’ ಎಂಬ ಕಾವಲುಗಾರನಿದ್ದಾನೆ. 1.8, 2.7, 4.3 ವೋಲ್ಟುಗಳಲ್ಲಿ ಒಂದು ಗೆರೆಯನ್ನು ನಾವು ಗೊತ್ತುಪಡಿಸಿದರೆ, ಒತ್ತಡ ಅದಕ್ಕಿಂತ ಇಳಿದೊಡನೆ ಆತ ಕೆಲಸ ನಿಲ್ಲಿಸುತ್ತಾನೆ; ಏರಿದ ಮೇಲೆ ಮೊದಲಿನಿಂದ ಆರಂಭಿಸುತ್ತಾನೆ. ಆರಂಭಿಸುವಾಗ ಹಳೆಯ ಲೆಕ್ಕ ಸಿಗಬೇಕಾದರೆ ಅದು ಈಪ್ರಾಮ್ ಎಂಬ ಅಳಿಯದ ನೆನಪಿನಲ್ಲಿ ಬರೆದಿರಬೇಕು. ಅದರ ಒಂದೊಂದು ಮನೆಯಲ್ಲೂ ಸುಮಾರು 1 ಲಕ್ಷ ಬಾರಿ ಬರೆಯಬಹುದು.

3. ಕೆಲಸವಿಲ್ಲದಾಗ ನಿದ್ರೆ

ಬ್ಯಾಟರಿಯೆಂದರೆ ತಿಂಗಳ ಪಗಾರವಿದ್ದಂತೆ. 2,000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಿಂದ ಉಪಕರಣ ಸದಾ 10 ಮಿಲಿಆಂಪಿಯರ್ ಸೆಳೆದರೆ 200 ಗಂಟೆ, ಅಂದರೆ 8 ದಿನ ಚಿಲ್ಲರೆ. ನಿಮಿಷಕ್ಕೆ 1 ಸೆಕೆಂಡು ಮಾತ್ರ ಎಚ್ಚತ್ತು ಉಳಿದಂತೆ ಮಲಗಿದರೆ ಖರ್ಚು ಆರನೆಯ ಒಂದು ಮಿಲಿಆಂಪಿಯರಿಗೆ ಇಳಿದು, ಲೆಕ್ಕದ ಪ್ರಕಾರ 12,000 ಗಂಟೆ, ಅಂದರೆ 500 ದಿನ ಬಂದೀತು. ಗಾಢನಿದ್ರೆಯಲ್ಲಿ ಈ ಚಿಪ್ ಸೆಳೆಯುವುದು ಮಿಲಿಆಂಪಿಯರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ. ಆದರೆ ಪಕ್ಕದಲ್ಲಿ ಒಂದು ದೀಪ ಉರಿಯುತ್ತಲೇ ಇದ್ದರೆ ಈ ಉಳಿತಾಯವೆಲ್ಲ ನೀರಿನಲ್ಲಿ ಹೋಮ.

ನಮ್ಮ ಮಿತ್ರರು ಗೆರೆಯನ್ನು 4.3ಕ್ಕೆ ಇಟ್ಟರು, ಒಬ್ಬೊಬ್ಬರು ಒಳಬಂದಂತೆ ಎಣಿಕೆ ಈಪ್ರಾಮಿಗೆ ಸೇರುವಂತೆ ಮಾಡಿದರು. ಈಗ ಪಂಪು ಶುರುವಾದಾಗ ಅಂಕಿ ಒಂದು ಕ್ಷಣ ಮರೆಯಾಗಿ, ಇದ್ದಷ್ಟೇ ಮರಳಿ ಬರುತ್ತದೆ. ಪಾಳಿ ಮುಗಿಸಿ ಬರುವವರ ಸಂಖ್ಯೆ ನಾವೆಣಿಸಿದ್ದಕ್ಕಿಂತ ಹೆಚ್ಚೆಂದು ಅದರಿಂದಲೇ ತಿಳಿಯಿತು. ರಾತ್ರಿಯ ಬಾಗಿಲು ತೆರೆದೇ ಇದೆ.

ಕಲಿಯಬಯಸುವವರು ಮೊದಲು ಟಾರ್ಚಿನ ಸೆಲ್ಲುಗಳಿಂದಲೇ ಆರಂಭಿಸಲಿ. ಗೋಡೆಯ 230 ವೋಲ್ಟಿಗೆ ಕೈ ಹಾಕುವುದು ಬೇಡ. ಅರೆಬಲದಲ್ಲಿ ತಪ್ಪು ಬರೆಯುವುದಕ್ಕಿಂತ ಲೇಖನಿ ಕೆಳಗಿಡುವುದೇ ಲೇಸೆಂಬುದು ಚಿಪ್ಪಿಗೂ ಸರಿ, ನಮ್ಮಂತಹ ಗುಮಾಸ್ತರಿಗೂ ಸರಿ.