ಮುತ್ತುಗ: ಗಂಧವಿಲ್ಲದ ಹೂವಿನ ಗುಟ್ಟು

ಮಾಘಮಾಸ ಕಳೆಯುತ್ತ ಬಂದಿತೆಂದರೆ ನಮ್ಮ ಬಯಲುಸೀಮೆಯ ಕುರುಚಲು ಕಾಡುಗಳಲ್ಲಿ ಒಂದು ಸೋಜಿಗ ನಡೆಯುವುದು. ಅದುವರೆಗೆ ಯಾರ ಗಮನಕ್ಕೂ ಬಾರದೆ ಅಂಕುಡೊಂಕಾಗಿ ನಿಂತಿದ್ದ ಮರವೊಂದು ಎಲೆಗಳನ್ನು ಉದುರಿಸಿ, ಬರಿಯ ಕೊಂಬೆಗಳ ಮೇಲೆ ಕೆಂಡದಂತಹ ಹೂಗಳನ್ನು ಹೊತ್ತು ನಿಲ್ಲುವುದು. ದೂರದಿಂದ ನೋಡಿದವರಿಗೆ ಕಾಡಿಗೆ ಬೆಂಕಿ ಬಿದ್ದಿದೆಯೋ ಎಂಬ ಭ್ರಮೆಯುಂಟಾಗುವುದು. ಇದೇ ಮುತ್ತುಗ; ಸಂಸ್ಕೃತದಲ್ಲಿ ಪಲಾಶ, ಕಿಂಶುಕ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಬ್ಯೂಟಿಯ ಮಾನೋಸ್ಪರ್ಮ. ಅವರೆ, ತೊಗರಿಗಳ ಕುಟುಂಬಕ್ಕೇ ಇದೂ ಸೇರಿದೆ.

ಈ ಮರಕ್ಕೆ ನಮ್ಮ ಹಿರಿಯರು ಸಲ್ಲಿಸಿದ ಗೌರವ ಅಲ್ಪವಲ್ಲ. ಗಾಯತ್ರಿಯು ಹಕ್ಕಿಯ ರೂಪದಿಂದ ಸ್ವರ್ಗದ ಸೋಮವನ್ನು ತರುತ್ತಿದ್ದಾಗ ಗರಿಯೊಂದು ನೆಲಕ್ಕೆ ಬಿದ್ದು ಮುತ್ತುಗವಾಯಿತೆಂದು ಬ್ರಾಹ್ಮಣಗ್ರಂಥಗಳ ಕಥೆ. ‘ಪರ್ಣ’ವೆಂಬ ಮಾತಿಗೆ ಗರಿ, ಎಲೆ ಎಂಬ ಎರಡು ಅರ್ಥಗಳೂ ಇರುವುದನ್ನು ಗಮನಿಸಬೇಕು. ಪಾರ್ವತಿಯ ಶಾಪದಿಂದ ವಿಷ್ಣು ಅಶ್ವತ್ಥವೂ, ರುದ್ರನು ಆಲವೂ, ಬ್ರಹ್ಮನು ಮುತ್ತುಗವೂ ಆದರೆಂದು ಪದ್ಮಪುರಾಣ ಹೇಳುವುದು. ಒಂದೇ ತೊಟ್ಟಿನ ಮೂರು ಎಲೆಗಳಲ್ಲಿ ಜನರು ತ್ರಿಮೂರ್ತಿಗಳನ್ನು ಕಂಡರು. ಉಪನಯನದ ವಟುವಿನ ಕೈಗೆ ಮುತ್ತುಗದ ದಂಡ, ಹೋಮಕ್ಕೆ ಮುತ್ತುಗದ ಸಮಿತ್ತು, ಶಿವರಾತ್ರಿಯ ಪೂಜೆಗೆ ಮುತ್ತುಗದ ಹೂ.

ಇಷ್ಟಾದರೂ ಒಂದು ಅಪವಾದ ಇದಕ್ಕೆ ತಪ್ಪಲಿಲ್ಲ. ರೂಪವಿದ್ದು ವಿದ್ಯೆಯಿಲ್ಲದವರನ್ನು ಗಂಧವಿಲ್ಲದ ಕಿಂಶುಕಕ್ಕೆ ಹೋಲಿಸುವ ಸುಭಾಷಿತವನ್ನು ವಿದ್ಯಾರ್ಥಿಗಳಲ್ಲಿ ಅನೇಕರು ಕೇಳಿರಬಹುದು. ಗಂಧವಿಲ್ಲದಿರುವುದು ನಿಜವಾಗಿಯೂ ಕೊರತೆಯೆ? ಮರವನ್ನೇ ವಿಚಾರಿಸಿ ನೋಡೋಣ.

ಹೂವೊಂದನ್ನು ಕೈಯಲ್ಲಿ ಹಿಡಿದರೆ ಮಖಮಲ್ಲಿನಂತಹ ಕಪ್ಪು ಪುಷ್ಪಪಾತ್ರೆಯೂ, ಅದರಿಂದ ಹೊರಚಾಚಿ ಗಿಳಿಯ ಕೊಕ್ಕಿನಂತೆ ಬಾಗಿದ ದೋಣಿದಳವೂ ಕಾಣುವುವು. ‘ಕಿಂ ಶುಕ?’, ಎಂದರೆ ‘ಇದೇನು ಗಿಳಿಯೇ?’ ಎಂಬುದರಿಂದಲೇ ಕಿಂಶುಕವೆಂಬ ಹೆಸರು ಬಂದಿತೆಂದು ಹೇಳುವರು. ಈ ದೋಣಿಯೊಳಗೆ ಹತ್ತು ಕೇಸರಗಳೂ ಶಲಾಕೆಯೂ ಅಡಗಿವೆ. ಬುಡದಲ್ಲಿ ಮಕರಂದ ತುಂಬಿದೆ. ಸೂರಕ್ಕಿಯು ಮಕರಂದಕ್ಕಾಗಿ ಕೊಕ್ಕು ತೂರಿಸಿದಾಗ ದೋಣಿ ಬಾಗಿ, ಪರಾಗವು ಅದರ ಮೈಗೆ ಅಂಟುವುದು. ಮುಂದಿನ ಹೂವಿಗೆ ಅದೇ ಪರಾಗವಾಹಕ. ಅಳಿಲೂ ಈ ಕೆಲಸದಲ್ಲಿ ನೆರವಾಗುವುದು. ಬಂದವರೆಲ್ಲ ಉಪಕಾರಿಗಳಲ್ಲ, ಕೆಲವರು ಹೂವನ್ನು ಹರಿದು, ಮಕರಂದವನ್ನು ಮಾತ್ರ ಹೀರಿ ಹೋಗುವುದುಂಟು.

ಹಕ್ಕಿಗಳು ಹೂವನ್ನು ಅರಸುವುದು ಮುಖ್ಯವಾಗಿ ಕಣ್ಣಿನಿಂದ, ಮೂಗಿನಿಂದಲ್ಲ. ಆದುದರಿಂದ ಮುತ್ತುಗಕ್ಕೆ ಬೇಕಾದುದು ಬಣ್ಣ, ಗಂಧ ಅನಾವಶ್ಯಕ. ಎಲೆ ಉದುರಿಸಿಕೊಂಡುದಕ್ಕೂ ಎರಡು ಪ್ರಯೋಜನಗಳುಂಟು: ಬೇಸಗೆಯಲ್ಲಿ ನೀರಿನ ವ್ಯಯ ತಗ್ಗುವುದು, ಮರೆಯಿಲ್ಲದ ಹೂಗಳು ದೂರಕ್ಕೂ ಕಾಣುವುವು. ಬಳಿಕ ಚಪ್ಪಟೆಯಾದ ಹಗುರ ಕಾಯಿಗಳು, ತುದಿಯಲ್ಲಿ ಒಂದೊಂದೇ ಬೀಜವನ್ನು ಹೊತ್ತು, ಗಾಳಿಯಲ್ಲಿ ತೇಲಿ ಮಳೆಗಾಲದ ಮುನ್ನ ನೆಲ ಸೇರುವುವು. ‘ಮಾನೋಸ್ಪರ್ಮ’ ಎಂದರೆ ಏಕಬೀಜವೆಂದೇ ಅರ್ಥ.

ಮನುಷ್ಯನಿಗೂ ಈ ಮರದಿಂದ ಉಪಕಾರವಿದೆ. ಎಲೆಗಳು ಊಟದೆಲೆಯಾಗುವುವು, ಹೂಗಳಿಂದ ಹೋಳಿಯ ಹಳದಿ ಬಣ್ಣ ದೊರೆಯುವುದು, ಕೊಂಬೆಗಳ ಮೇಲೆ ಅರಗಿನ ಹುಳುವನ್ನು ಸಾಕುವರು. 1757ರ ಯುದ್ಧದಿಂದ ಪ್ರಸಿದ್ಧವಾದ ಪ್ಲಾಸಿಗೆ ಆ ಹೆಸರು ಬಂದುದೂ ಪಲಾಶದಿಂದಲೇ.

ಆದರೆ ಒಂದು ಮಾತನ್ನು ಮರೆಯಲಾಗದು. ತನ್ನದೇ ಪರಾಗಕ್ಕಿಂತ ಬೇರೆ ಮರದ ಪರಾಗ ಬಂದಾಗಲೇ ಮುತ್ತುಗ ಚೆನ್ನಾಗಿ ಕಾಯಿ ಕಟ್ಟುವುದು. ಸುತ್ತಣ ಮರಗಳನ್ನು ಕಡಿದು, ಪೂಜೆಗೆಂದು ಒಂದನ್ನೇ ಉಳಿಸಿದರೆ, ಅದು ವರ್ಷವರ್ಷವೂ ಹೂವಿನಿಂದ ಉರಿದೀತು. ಸಂತತಿ ಮಾತ್ರ ಕ್ಷೀಣಿಸೀತು. ಮರವನ್ನು ಪೂಜಿಸುವವರು ಅದರ ನೆರೆಹೊರೆಯನ್ನೂ ಕಾಯಬೇಕು. ಮುಂದಿನ ಶಿವರಾತ್ರಿಯ ಹೊತ್ತಿಗೆ ಹೂಬಿಟ್ಟ ಮುತ್ತುಗದ ಕೆಳಗೆ ಬೆಳಗಿನಲ್ಲಿ ಅರ್ಧಗಂಟೆ ನಿಂತು ನೋಡಿರಿ. ಆ ಹೂವಿಗೆ ಗಂಧವೇಕಿಲ್ಲವೆಂಬುದನ್ನು ಸೂರಕ್ಕಿಯೇ ತಿಳಿಸುವುದು.