ಸಣ್ಣ ಮೀಟರಿನಿಂದ ದೊಡ್ಡ ಅಳತೆ

ಪೀತಮ್‌ಪುರದಲ್ಲೂ ಪಕ್ಕದ ವಜೀರ್‌ಪುರದ ಕಾರ್ಖಾನೆಗಳಲ್ಲೂ ವಿದ್ಯುತ್ತಿನ ಕೆಲಸ ಮಾಡುವ ವಾಚಕರಿಗೆ ಈ ಪಾಠ ಉಪಯೋಗಕ್ಕೆ ಬಂದೀತು. ಲೆಕ್ಕ ಬಲ್ಲ ಗುಮಾಸ್ತ ಮಿತ್ರರೂ ಇದನ್ನು ಸುಲಭವಾಗಿ ಗ್ರಹಿಸಬಹುದು.

1 ಮಿಲಿಆಂಪಿಯರ್ ಹರಿದೊಡನೆ ಮುಳ್ಳು ಕೊನೆ ಮುಟ್ಟುವ ಮೀಟರಿನಿಂದ 1 ಆಂಪಿಯರ್ ಅಳೆಯುವುದು ಹೇಗೆ? ಕಾಲುವೆಯ ನೀರನ್ನೆಲ್ಲ ನಾವು ಗದ್ದೆಗೆ ಬಿಡುವುದಿಲ್ಲ. ಬೇಕಾದಷ್ಟನ್ನು ಬಿಟ್ಟು ಮಿಕ್ಕದ್ದನ್ನು ಹೊರಗಾಲುವೆಗೆ ತಿರುಗಿಸುತ್ತೇವೆ. ಮೀಟರಿಗೆ ಸಮಾಂತರವಾಗಿ ಜೋಡಿಸುವ ಅಲ್ಪ ರೋಧದ ತಂತಿಯೇ ಆ ಹೊರಗಾಲುವೆ. ಇದಕ್ಕೆ ಷಂಟ್ ಎಂದು ಹೆಸರು.

ಲೆಕ್ಕ ನೋಡೋಣ. ಮೀಟರಿನ ರೋಧ 100 ಓಮ್ ಇರಲಿ. 1 ಮಿಲಿಆಂಪಿಯರ್ ಹರಿದಾಗ ಅದರ ತುದಿಗಳ ನಡುವೆ 0.1 ವೋಲ್ಟ್ ಇರುತ್ತದೆ. ಉಳಿದ 999 ಮಿಲಿಆಂಪಿಯರ್ ಷಂಟಿನಲ್ಲಿ ಹರಿಯಬೇಕು. 0.1ನ್ನು 0.999ರಿಂದ ಭಾಗಿಸಿದರೆ ಷಂಟಿನ ರೋಧ ಸುಮಾರು 0.1001 ಓಮ್.

ಇಷ್ಟು ಅಲ್ಪ ರೋಧಕ್ಕೆ ಜೋಡಣೆಯೇ ಪ್ರಾಣ. ಮೀಟರಿನ ತಂತಿಗಳನ್ನು ಷಂಟಿನ ಒಳಗಣ ತಿರುಪುಗಳಿಗೇ ಕಟ್ಟಬೇಕು. ಕೊಳಕು ಹಿಡಿದ ಜೋಡಣೆಯ 0.01 ಓಮ್ ಷಂಟಿನ ಲೆಕ್ಕಕ್ಕೆ ಸೇರಿದರೂ ಅಳತೆ ಸುಮಾರು 10% ತಪ್ಪುತ್ತದೆ. ಷಂಟೇ ಕಳಚಿದರೆ ಪ್ರವಾಹವೆಲ್ಲ ಮೀಟರಿಗೆ ನುಗ್ಗಿ ಅದರ ಸುರುಳಿ ಸುಟ್ಟುಹೋಗುತ್ತದೆ. ತಾಮ್ರದ ತಂತಿಯೂ ಸಲ್ಲದು. ಅದು 10 ಡಿಗ್ರಿ ಬಿಸಿಯೇರಿದರೆ ರೋಧ ಸುಮಾರು 4% ಏರುತ್ತದೆ. ಆದುದರಿಂದಲೇ ತಾಮ್ರ, ಮ್ಯಾಂಗನೀಸ್, ನಿಕ್ಕಲ್ ಬೆರೆತ ಮ್ಯಾಂಗನಿನ್ ಲೋಹವನ್ನು ಬಳಸುತ್ತಾರೆ.

ವೋಲ್ಟೇಜಿಗೆ ಉಪಾಯ ಬೇರೆ. ಅದೇ ಮೀಟರಿನಿಂದ 100 ವೋಲ್ಟ್ ಡಿ.ಸಿ. ಅಳೆಯಲು ಒಟ್ಟು 1,00,000 ಓಮ್ ಬೇಕು. ಮೀಟರಿನ 100 ಓಮ್ ಕಳೆದು, 99,900 ಓಮ್ ರೋಧವನ್ನು ಸರಣಿಯಲ್ಲಿ ಸೇರಿಸಬೇಕು. ಆದರೆ ರೋಧ ಹೆಚ್ಚಿಸಿದಷ್ಟೂ ಅಳೆಯಬಹುದೆಂದು ತಿಳಿಯಬಾರದು; ತಂತಿಯ ಹೊದಿಕೆ ತಾಳುವ ಮಿತಿಯೇ ನಮ್ಮ ಮಿತಿ.

ಅಂಕಿ ತೋರಿಸುವ ಇಂದಿನ ಮಲ್ಟಿಮೀಟರಿನೊಳಗೂ ಇದೇ ಏರ್ಪಾಡು. ಅದರ 10 ಆಂಪಿಯರ್ ತೂತಿನ ಹಿಂದೆ ಇರುವುದು ದಪ್ಪ ಷಂಟ್. ಅಗ್ಗದ ಎಷ್ಟೋ ಮೀಟರುಗಳಲ್ಲಿ ಅಲ್ಲಿ ಫ್ಯೂಸೇ ಇರುವುದಿಲ್ಲ. ತಂತಿಯನ್ನು ಆ ತೂತಿನಲ್ಲೇ ಬಿಟ್ಟು 230 ವೋಲ್ಟ್ ಸಾಕೆಟ್ಟಿಗೆ ಚುಚ್ಚಿದರೆ ಅದು ನೇರ ಷಾರ್ಟ್. ಕಿಡಿ ಹಾರಿ ಕೈ, ಕಣ್ಣು ಸುಟ್ಟಾವು.

ನೂರಾರು ಆಂಪಿಯರಿನ ಎ.ಸಿ. ಪ್ಯಾನೆಲ್ಲಿನಲ್ಲಿ ಕರೆಂಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದರ ಮೇಲೆ 100/5 ಎಂದಿದ್ದರೆ, ಮುಖ್ಯ ತಂತಿಯ 100 ಆಂಪಿಯರಿಗೆ ಮೀಟರಿನಲ್ಲಿ 5 ಆಂಪಿಯರ್ ಹರಿಯುತ್ತದೆ. ಪ್ರವಾಹವಿರುವಾಗ ಆ ಮೀಟರನ್ನು ಬಿಚ್ಚಿದರೆ, ತೆರೆದ ತುದಿಗಳಲ್ಲಿ ಪ್ರಾಣಾಂತಿಕ ವೋಲ್ಟೇಜು ಏಳಬಹುದು. ಸರಬರಾಜು ನಿಲ್ಲಿಸಿ ಕೆಲಸ ಮಾಡುವುದೇ ಉತ್ತಮ. ಅದು ಸಾಧ್ಯವಿಲ್ಲದಿದ್ದರೆ, ಅನುಭವಿಗಳು ಮೊದಲು ಆ ತುದಿಗಳನ್ನು ಷಾರ್ಟಿಂಗ್ ಲಿಂಕಿನಿಂದ ಕೂಡಿಸಿ, ಆಮೇಲೆ ಮೀಟರನ್ನು ಬಿಚ್ಚುತ್ತಾರೆ.

ನಮ್ಮ ದೇಶದ ವೋಲ್ಟ್, ಆಂಪಿಯರುಗಳ ಮೂಲಮಾನ ಇರುವುದು ಇದೇ ದೆಹಲಿಯಲ್ಲಿ, 1950ರಲ್ಲಿ ಆರಂಭವಾದ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ. ನಾವು ಜೋಡಿಸಿದ ಮೀಟರನ್ನು ಅಲ್ಲಿಗೆ ಒಯ್ಯಬೇಕಾಗಿಲ್ಲ. ನಂಬಿಕೆಗೆ ಅರ್ಹವಾದ ಇನ್ನೊಂದು ಮೀಟರಿನೊಡನೆ ಹೋಲಿಸಿ ನೋಡಿದ ಮೇಲೆಯೇ ಉಪಯೋಗಿಸಿದರೆ ಸಾಕು.