ಮಾರಿಕಣಿವೆಯಿಂದ ಜರ್ಮನಿಗೆ: ಸಂಗಾತಿಯ ಬಳಿ ಹೋಗಿ ನೆಲೆಯೂರುವುದು ಹೇಗೆ?

ಮಾರಿಕಣಿವೆ ಸೀಮೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಮಕ್ಕಳು ಮದುವೆಯಾಗಿ ಈಗ ಬೆಂಗಳೂರನ್ನೂ ದಾಟಿ ಹೊರದೇಶಕ್ಕೆ ಹೋಗುತ್ತಿದ್ದಾರೆ. ಹೊರಟವರು ಹೆಂಡತಿಯಾಗಲಿ, ಗಂಡನಾಗಲಿ, ವೀಸಾ ಸಿಗುವುದು ಸಂಗಾತಿಯ ಆಧಾರದ ಮೇಲೆ. ಅದಕ್ಕೇ ಕಾಗದ, ಭಾಷೆ, ದುಡ್ಡು ಈ ಮೂರರಲ್ಲೂ ನಿಮ್ಮ ಕಾಲ ಮೇಲೆ ನೀವು ನಿಲ್ಲುವ ತಯಾರಿ ಊರಲ್ಲೇ ಶುರುವಾಗಬೇಕು. ಜರ್ಮನಿಯ ಉದಾಹರಣೆ ಹಿಡಿದು ನೋಡೋಣ.

ಹಂತ 1: ಹೆಸರು ಸರಿಮಾಡಿಕೊಳ್ಳಿ
ನಮ್ಮ ಕಡೆ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ, ಮನೆತನದ ಹೆಸರು ಇರುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸವಿದ್ದರೆ ಅರ್ಜಿಗೆ ಮೊದಲೇ ತಿದ್ದಿಸಿ. ಮದುವೆಯಾದ ಮಾತ್ರಕ್ಕೆ ಹೆಸರು ಬದಲಿಸಬೇಕೆಂಬ ಕಡ್ಡಾಯವಿಲ್ಲ.

ಹಂತ 2: ಮದುವೆ ನೋಂದಾಯಿಸಿ
ಲಗ್ನಪತ್ರಿಕೆ, ಫೋಟೊ ಸಾಲದು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅಥವಾ ಕಾವೇರಿ 2.0 ಜಾಲತಾಣದ ಮೂಲಕ ವಿವಾಹ ನೋಂದಣಿ ಮಾಡಿಸಿ, ಪ್ರಮಾಣಪತ್ರ ಪಡೆಯಿರಿ. ಜನನ ಪ್ರಮಾಣಪತ್ರವನ್ನೂ ತೆಗೆದಿಡಿ. ಮೂಲ ಪ್ರತಿಗಳು ನಿಮ್ಮ ಕೈಚೀಲದಲ್ಲೇ ಇರಲಿ.

ಹಂತ 3: ಭಾಷೆ ಕಲಿಯಿರಿ
ಸಂಗಾತಿ ವೀಸಾಕ್ಕೆ ಸಾಮಾನ್ಯವಾಗಿ ಎ1, ಅಂದರೆ ಆರಂಭಿಕ ಮಟ್ಟದ ಜರ್ಮನ್ ಪರೀಕ್ಷೆ ಪಾಸಾಗಿರಬೇಕು. ಬೆಂಗಳೂರಿನ ಇಂದಿರಾನಗರದ ಗೋಥೆ ಇನ್‌ಸ್ಟಿಟ್ಯೂಟ್‌ನಲ್ಲಿ ಪಾಠವೂ ಇದೆ, ಪರೀಕ್ಷೆಯೂ ಇದೆ. ಸಂಗಾತಿಯ ಬಳಿ ನೀಲಿ ಕಾರ್ಡ್ (ಹೆಚ್ಚು ಓದಿದ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ) ಇದ್ದರೆ ಪರೀಕ್ಷೆಯಿಂದ ವಿನಾಯಿತಿ ಉಂಟು. ಆದರೂ ಕಲಿತೇ ಹೋಗಿ. ಅಂಗಡಿಯಲ್ಲಿ, ಡಾಕ್ಟರ ಬಳಿ ನಿಮ್ಮ ಮಾತು ನೀವೇ ಆಡುವಂತಾಗಬೇಕು.

ಹಂತ 4: ಪೆಟ್ಟಿಗೆ ಕಟ್ಟುವಾಗ
ರಾಗಿಹಿಟ್ಟು, ಶೇಂಗಾ ಚಟ್ನಿಪುಡಿಗೆ ತೊಂದರೆಯಿಲ್ಲ. ಅಮ್ಮ ಕಾಯಿಸಿದ ತುಪ್ಪವನ್ನು ಮನೆಯಲ್ಲೇ ಬಿಡಿ: ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವನ್ನೂ ಬಿಡುವುದಿಲ್ಲ. ತೆಂಗಿನ ಸೀಮೆಯವರು ನೆನಪಿಡಬೇಕಾದ್ದು, ಒಣಕೊಬ್ಬರಿ ಬೇಗ ಬೆಂಕಿ ಹತ್ತುವ ವಸ್ತುವಾದ್ದರಿಂದ ವಿಮಾನದ ಚೆಕ್-ಇನ್ ಲಗೇಜಿನಲ್ಲಿ ಅದಕ್ಕೆ ಅವಕಾಶವಿಲ್ಲ.

ಹಂತ 5: ಮೊದಲ ಎರಡು ವಾರ
ಮನೆ ಸೇರಿದ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಮನೆ ಮಾಲೀಕರ ದೃಢೀಕರಣ ಪತ್ರ ಜೊತೆಗಿರಲಿ. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರನ್ನೂ ಅಂಟಿಸಿ. ಅಲ್ಲಿ ಮುಖ್ಯ ಕಾಗದಗಳೆಲ್ಲ ಅಂಚೆಯಲ್ಲೇ ಬರುತ್ತವೆ; ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ವಾಪಸ್ ಹೋಗುತ್ತವೆ. ವೀಸಾ ಅವಧಿ ಮುಗಿಯುವ ಮುನ್ನ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಿ.

ಹಂತ 6: ಸ್ವಂತ ಖಾತೆ, ಸ್ವಂತ ದುಡಿಮೆ
ನಿಮ್ಮ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆಯಿರಿ. ಸಂಗಾತಿಯಾಗಿ ಹೋದವರಿಗೂ ಕೆಲಸ ಮಾಡುವ ಹಕ್ಕಿದೆ. ಊರಿನ ಉಳಿತಾಯ ಖಾತೆಯನ್ನು ಅನಿವಾಸಿಗಳಿಗಿರುವ ಎನ್‌ಆರ್‌ಒ ಖಾತೆಗೆ ಬದಲಿಸಲು ಬ್ಯಾಂಕಿಗೆ ತಿಳಿಸಿ.

ಹಂತ 7: ಜನ ಸಂಪಾದಿಸಿ
ಫ್ರಾಂಕ್‌ಫರ್ಟ್ ಸುತ್ತಮುತ್ತ ರೈನ್ ಮೈನ್ ಕನ್ನಡ ಸಂಘವಿದೆ. ನೀವಿರುವ ಊರಲ್ಲೂ ಕನ್ನಡದವರನ್ನು ಹುಡುಕಿ, ಭಾಷಾ ತರಗತಿಯಲ್ಲಿ ಬೇರೆ ದೇಶದವರ ಸ್ನೇಹ ಮಾಡಿ. ಮನೆಯೊಳಗೆ ಒಬ್ಬರೇ ಕೂತರೆ ಚಳಿಗಾಲ ಬಹಳ ಉದ್ದ ಅನಿಸುತ್ತದೆ.

ಹಂತ 8: ಕಷ್ಟಕ್ಕೆ ದಾರಿ ತಿಳಿದಿರಲಿ
ಹೊಸ ಸಂಸಾರಕ್ಕೆ ಹೊರಟವರ ಮುಂದೆ ಈ ಮಾತು ಆಡಲು ಹಿರಿಯರು ಹಿಂಜರಿಯುತ್ತಾರೆ, ಆದರೆ ಆಡಲೇಬೇಕು. ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ. ಜರ್ಮನಿಯಲ್ಲಿ ಸಾಮಾನ್ಯವಾಗಿ ಮೂರು ವರ್ಷ ಕೂಡಿ ಬಾಳಿದ ಮೇಲೆ, ಬೇರೆಯಾದರೂ ಅಲ್ಲೇ ಉಳಿಯುವ ಸ್ವಂತ ಹಕ್ಕು ಬರುತ್ತದೆ. ಮನೆಯಲ್ಲಿ ಹಿಂಸೆಯಿದ್ದರೆ ಈ ಅವಧಿಗೆ ವಿನಾಯಿತಿ ಕೇಳಬಹುದು. ಪೊಲೀಸರಿಗೆ 110, ತುರ್ತು ಚಿಕಿತ್ಸೆಗೆ 112. ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗೆ 116 016 ಹಗಲೂ ರಾತ್ರಿ ಉಚಿತ. ಭಾರತ ಸರ್ಕಾರದ ‘ಮದದ್’ ಜಾಲತಾಣದಲ್ಲೂ ದೂರು ಕೊಡಬಹುದು. ಈ ನಂಬರುಗಳನ್ನು ಹೊರಡುವ ಮುನ್ನವೇ ಫೋನಿನಲ್ಲಿ ಹಾಕಿಕೊಳ್ಳಿ, ಊರಲ್ಲಿರುವ ನಂಬಿಕಸ್ಥರೊಬ್ಬರಿಗೂ ಕೊಟ್ಟು ಹೋಗಿ.